ಸಂತೆ ಮೈದಾನಕ್ಕೆ ಬಲ್ಬು ಹಾಕಿಸಿದ್ದು

2020ರ ಡಿಸೆಂಬರ್‌ನಲ್ಲಿ ಪಂಚಾಯತಿ ಚುನಾವಣೆ ನಡೆದಾಗ ನಾನು ಗೆದ್ದೆ. ಮೀಸಲಾತಿ ಒದಗಿ ಬಂದು ಮೊದಲ ಮೂವತ್ತು ತಿಂಗಳು ಅಧ್ಯಕ್ಷೆಯೂ ಆದೆ. ನಮ್ಮದು ಅರಸೀಕೆರೆ ತಾಲ್ಲೂಕು, ತೆಂಗಿನ ಸೀಮೆ. ಮೊದಲ ಗ್ರಾಮಸಭೆಯಲ್ಲೇ ಒಬ್ಬ ಹುಡುಗ ಎದ್ದು, "ಅಕ್ಕಾ, ಚರಂಡಿ ಆಮೇಲೆ ಮಾಡ್ಸಿ, ಮೊದ್ಲು ಕೆಲಸ ಕೊಡ್ಸಿ" ಅಂದ. ಪಂಚಾಯತಿ ಹತ್ತಿರ ಕೆಲಸ ಎಲ್ಲಿರುತ್ತೆ? ಇದ್ದದ್ದು ಒಂದು ವಾಟರ್‌ಮ್ಯಾನ್ ಹುದ್ದೆ, ಅದೂ ಖಾಲಿ ಇರಲಿಲ್ಲ. ಆ ಹುಡುಗ ಆರು ತಿಂಗಳು ಕಾದು ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳ ಕಡೆ ಹೋದ.

ನಮ್ಮ ಕೈಯಲ್ಲಿದ್ದದ್ದು ಉದ್ಯೋಗ ಖಾತರಿ. ಆಗ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸ. 2022-23ರಲ್ಲಿ ದಿನಗೂಲಿ 309 ರೂಪಾಯಿ. ಕಾಯಿ ಸುಲಿಯುವ ಗಂಡಸರಿಗೆ ತೋಟದಲ್ಲೇ ಅದಕ್ಕಿಂತ ಜಾಸ್ತಿ ಸಿಗುತ್ತಿತ್ತು, ಈ ಕಡೆ ತಲೆ ಹಾಕಲಿಲ್ಲ. ಬಂದವರು ಹೆಂಗಸರೇ. ಕೆಲಸ ಕೇಳುವ ಅರ್ಜಿ, ಅಂದರೆ ನಮೂನೆ 6, ಕೊಟ್ಟು ರಶೀದಿ ಕೇಳಿ, ಹದಿನೈದು ದಿನದಲ್ಲಿ ಕೆಲಸ ಕೊಡದಿದ್ದರೆ ಭತ್ಯೆ ಕೊಡಬೇಕಾಗುತ್ತೆ ಅಂತ ಅವರಿಗೆ ಹೇಳಿಕೊಟ್ಟೆ. ಆಫೀಸಿನಲ್ಲಿ ಕೆಲವರಿಗೆ ನನ್ನ ಮೇಲೆ ಮುನಿಸು ಬಂತು. ಬರಲಿ. ಆದರೆ ಬದು, ಇಂಗುಗುಂಡಿ ಮುಗಿದ ದಿನ ಕೂಲಿಯೂ ಮುಗಿಯುತ್ತಿತ್ತು.

ಆಮೇಲೆ ಒಂದು ತಪ್ಪು ಮಾಡಿದೆವು. ಬಸ್‌ಸ್ಟ್ಯಾಂಡ್ ಹತ್ತಿರ ಮಳಿಗೆ ಕಟ್ಟಿಸಿ ಹರಾಜು ಹಾಕಿದೆವು. ಮುಂಗಡ ಕಟ್ಟೋ ಶಕ್ತಿ ಇದ್ದವರು ಹಿಡಿದುಕೊಂಡರು. ಎರಡು ಮಳಿಗೆ ಇವತ್ತಿಗೂ ಕೊಬ್ಬರಿ ಚೀಲದ ಗೋಡೌನು.

ಕಣ್ಣೆದುರೇ ಇದ್ದ ಸಂತೆ ನನಗೆ ಕಂಡದ್ದು ತಡವಾಗಿ. ಪ್ರತಿ ಮಾರ್ಚ್‌ನಲ್ಲಿ ಸುಂಕ ವಸೂಲಿಯ ಹರಾಜು. ಜಾಸ್ತಿ ಕೂಗಿದವನು ಆ ದುಡ್ಡನ್ನು ಮಾರುವವರಿಂದಲೇ ಎಳೀತಾನೆ, ಅಲ್ವಾ? ಒಂದು ಬುಟ್ಟಿ ಸೊಪ್ಪಿನ ಅಜ್ಜಿಗೂ ವ್ಯಾನಿನಲ್ಲಿ ಬಟ್ಟೆ ತರುವವನಿಗೂ ಒಂದೇ ರೇಟು. ನಾವು ಬುಟ್ಟಿಗೆ, ನೆಲಕ್ಕೆ ಹಾಸುವ ತಾಟಿಗೆ, ಗಾಡಿಗೆ ಬೇರೆ ಬೇರೆ ದರ ನಡಾವಳಿಯಲ್ಲಿ ಬರೆಸಿ, ಬೋರ್ಡು ಹಾಕಿಸಿ, ರಶೀದಿ ಕಡ್ಡಾಯ ಮಾಡಿದೆವು. ಆ ವರ್ಷ ಹರಾಜು ಕಮ್ಮಿಗೆ ಹೋಯಿತು. "ಪಂಚಾಯತಿ ಆದಾಯ ಕಳೆದಿರಿ" ಅಂತ ಸದಸ್ಯರು ಮೇಜು ಕುಟ್ಟಿದರು. ಅವರು ಹೇಳಿದ್ದು ಸುಳ್ಳಲ್ಲ.

ಮುಂದಿನದು ಕಟ್ಟೆ, ಮೇಲೊಂದು ಸೂರು. ಇದೂ ಉದ್ಯೋಗ ಖಾತರಿಯಲ್ಲೇ ಆಯಿತು. ಅದರಲ್ಲಿ ಖರ್ಚಿನ ನೂರಕ್ಕೆ ಕೂಲಿ 60, ಸಾಮಗ್ರಿ 40ರ ಲೆಕ್ಕ ಮೀರುವ ಹಾಗಿರಲಿಲ್ಲ. ಕಟ್ಟೆಗೆ ಸಿಮೆಂಟು, ಜಲ್ಲಿ ಜಾಸ್ತಿ, ಕೂಲಿ ಕಮ್ಮಿ. ಹಾಗಾಗಿ ಅದೇ ವರ್ಷ ಕೆರೆ ಹೂಳು, ಬದುವಿನಂಥ ಮಣ್ಣು ಕೆಲಸ ಜಾಸ್ತಿ ತೆಗೆದುಕೊಂಡು ತಕ್ಕಡಿ ಸರಿದೂಗಿಸಿದೆವು. ಹೊಸ ಅಧ್ಯಕ್ಷರು ಯಾರಾದರೂ ಕೇಳಿದರೆ ನಾನು ಮೊದಲು ಹೇಳೋದು ಇದನ್ನೇ. ಕ್ರಿಯಾಯೋಜನೆ ಬರೆಯುವಾಗಲೇ ಎರಡನ್ನೂ ಜೋಡಿಸಿಕೊಳ್ಳಬೇಕು.

ಅತಿ ಅಗ್ಗದ ಕೆಲಸ ಬಲ್ಬು. ಮೊದಲು ಕತ್ತಲಾಗುತ್ತಲೇ ಹೆಂಗಸರು ಗಂಟು ಕಟ್ಟುತ್ತಿದ್ದರು. ತೋಟದ ಕೂಲಿಯವರು ಬಟವಾಡೆ ತಗೊಂಡು ಸಂತೆಗೆ ಬರೋದೇ ಆರರ ಮೇಲೆ! ದೀಪ ಬಂದ ಮೇಲೆ ಸಂತೆ ಎಂಟರವರೆಗೆ ಎಳೆಯಿತು. ಬುಟ್ಟಿ ತರುತ್ತಿದ್ದವರು ಗಾಡಿ ಬಾಡಿಗೆ ಮಾಡಿಕೊಂಡು ಬಂದರು. ಮೂಟೆ ಇಳಿಸೋಕೆ ಇಬ್ಬರು ಹುಡುಗರು ಕಾಯಂ ನಿಂತರು.

ಹೆಂಗಸರ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಸಾಲ ತೆಗೆದು ಸಾಂಬಾರ್ ಪುಡಿ ಮಾಡುತ್ತಿದ್ದ ಒಬ್ಬರು ಪೊಟ್ಟಣಕ್ಕೆ ನಂಬರ್ ಇಲ್ಲ ಅಂತ ಅಂಗಡಿಯವರ ಹತ್ತಿರ ಬೈಸಿಕೊಂಡಿದ್ದರು. ಆ ನಂಬರ್ ಕೊಡೋದು ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ; ಅದರ ನೋಂದಣಿಗೆ ಸಣ್ಣವರಿಗೆ ಆಗ ವರ್ಷಕ್ಕೆ 100 ರೂಪಾಯಿ. ಪಂಚಾಯತಿ ಕಂಪ್ಯೂಟರಿನಲ್ಲೇ ಅರ್ಜಿ ಹಾಕಿಸಿದೆವು. "ನೂರು ರೂಪಾಯಿಗೆ ಎರಡು ವರ್ಷ ಹೆದರಿದ್ನಲ್ಲಕ್ಕಾ" ಅಂದರು. ಈಗ ಹುರಿಯೋಕೆ, ಕುಟ್ಟೋಕೆ ಇನ್ನಿಬ್ಬರನ್ನು ಕರೆದುಕೊಂಡಿದ್ದಾರೆ.

ಸಂತೆಯಲ್ಲಿ ಹೆಂಗಸರಿಗೆ ಶೌಚಾಲಯವನ್ನೂ ಕಟ್ಟಿಸಿದೆವು. ಅದರ ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನೋ ಜಗಳ ಮಾತ್ರ ನನ್ನ ಅವಧಿ ಮುಗಿದರೂ ಮುಗಿದಿರಲಿಲ್ಲ.