ಹಳೇ ಸೆಲ್ ಬದಲಾಯಿತು, ಸೇವ್ ಹಾಗೇ ಉಳಿಯಿತು

ನಿಂಟೆಂಡೊದ ಹಳೇ ಜಪಾನೀ ಗೇಮ್ ಕನ್ಸೋಲ್ ಸೂಪರ್ ಫ್ಯಾಮಿಕಾಮ್‌ನ ಕಾರ್ಟ್ರಿಜ್ ಸೆಲ್ ಬದಲಿಸುವುದು ಹಳೇ ಗೇಮ್ ಹುಚ್ಚಿನ ನಮ್ಮಲ್ಲಿ ಬಹಳ ಜನ ಮಾಡಿರುವ ಕೆಲಸ. ಆ ಸೆಲ್ಲಿನ ಬಲದಲ್ಲೇ ಮೆಮೊರಿಯಲ್ಲಿ ಉಳಿದಿರುವ ಸೇವ್, ಅಂದರೆ ಆಟ ನಿಲ್ಲಿಸಿದ ಜಾಗದ ದಾಖಲೆ, ಅದನ್ನು ಅಳಿಸದೆ ಬದಲಿಸುತ್ತೇನೆ ಅಂದಾಗ ಮಾತ್ರ ಯಾರೂ ನಂಬಲಿಲ್ಲ. ಗೆಳೆಯರು ‘ಮೊದಲು ರೀಡರ್ ತಗೊಂಡು ಸೇವ್ ಕಾಪಿ ಮಾಡ್ಕೋ, ಆಮೇಲೆ ಕೈ ಹಾಕು’ ಅಂದರು. ಕಾರ್ಟ್ರಿಜ್‌ನ ಸೇವನ್ನು ಕಂಪ್ಯೂಟರಿಗೆ ಇಳಿಸುವ ಆ ರೀಡರ್‌ಗೆ ಆಗ ಏಳೆಂಟು ಸಾವಿರ ಹೇಳುತ್ತಿದ್ದರು. ನಮ್ಮ ಬೀದಿಯಲ್ಲಿ ನಲವತ್ತು ವರ್ಷದಿಂದ ರೇಡಿಯೊ ರಿಪೇರಿ ಮಾಡುವ ಹಿರಿಯರು ಬೋರ್ಡ್ ನೋಡಿ, ‘ಸೆಲ್ ತೆಗೆದ್ರೆ ಮೆಮೊರಿ ಹೋಯ್ತು ಅಂತಲೇ ಲೆಕ್ಕ ಕಣಪ್ಪಾ’ ಅಂದುಬಿಟ್ಟರು. ಹೋಗಲಿಲ್ಲ. ಆ ಕಥೆ ಇದು.

ಕಾರ್ಟ್ರಿಜ್ ‘ಟ್ಯಾಕ್ಟಿಕ್ಸ್ ಓಗರ್’, ದಂಡು ಕಟ್ಟಿ ಸರದಿಯಂತೆ ಕಾದಾಡುವ ಯುದ್ಧತಂತ್ರದ ಆಟ. 1995ರ ಅಕ್ಟೋಬರ್‌ನಲ್ಲಿ ಕ್ವೆಸ್ಟ್ ಕಂಪನಿ ಜಪಾನಿನಲ್ಲಿ ಬಿಟ್ಟದ್ದು, ಯಾಸುಮಿ ಮತ್ಸುನೊ ನಿರ್ದೇಶನ. ವಲೇರಿಯಾ ದ್ವೀಪ, ಅಲ್ಲಿ ಕಚ್ಚಾಡುವ ವಾಲಿಸ್ಟಾ, ಗಾಲ್ಗಸ್ತಾನ್, ಬಕ್ರಮ್ ಎಂಬ ಮೂರು ಜನಾಂಗ, ಆಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಜಪಾನಿನಿಂದ ಮಧ್ಯವರ್ತಿ ಮೂಲಕ ‘ಜಂಕ್’ ಡಬ್ಬದಿಂದ, ಅಂದರೆ ಕೆಟ್ಟಿರಬಹುದು ಅಂತ ಅಗ್ಗಕ್ಕೆ ಮಾರುವ ಮಾಲಿನಿಂದ, ತರಿಸಿದೆ. ಕಾರ್ಟ್ರಿಜ್ ಬೆಲೆ ಏಳುನೂರು ಯೆನ್ ಇರಬೇಕು. ಸಾಗಣೆ, ಸುಂಕ, ಮಧ್ಯವರ್ತಿಯ ಪಾಲು ಎಲ್ಲ ಸೇರಿ ಮನೆಗೆ ಬರುವಷ್ಟರಲ್ಲಿ ಎರಡು ಸಾವಿರದ ಮೇಲಾಯಿತು.

ಹಾಕಿ ನೋಡಿದರೆ ಹಿಂದಿನ ಮಾಲೀಕನ ಸೇವ್ ಇನ್ನೂ ಜೀವಂತ! ಆಟದಲ್ಲಿ ನಡೆದದ್ದನ್ನು ದಾಖಲಿಸಿಡುವ ವಾರೆನ್ ರಿಪೋರ್ಟ್ ತೆಗೆದು, ಅನುವಾದದ ಆ್ಯಪ್ ಹಿಡಿದು ಒಂದೊಂದೇ ಸಾಲು ಓದಿದೆ. ಆಟದ ಬಲ್ಮಮೂಸಾ ಎಂಬ ಊರಿನಲ್ಲಿ ಅವನು ‘ಸರಿ’ ಅಂದಿದ್ದ. ಸ್ವಂತ ವಾಲಿಸ್ಟಾ ಜನರನ್ನೇ ಕೊಂದು, ತಪ್ಪನ್ನು ಗಾಲ್ಗಸ್ತಾನರ ತಲೆಗೆ ಕಟ್ಟಿ, ಉಳಿದವರನ್ನು ದಂಗೆಗೆ ಎಬ್ಬಿಸುವ ಆ ಆಜ್ಞೆ ಇದೆಯಲ್ಲ, ಅದಕ್ಕೆ. ನಾನು ಎಷ್ಟು ಸಲ ಆಡಿದರೂ ಆ ಜಾಗದಲ್ಲಿ ‘ಆಗಲ್ಲ’ ಎಂದೇ ಒತ್ತಿದವನು. ಬೆರಳು ಬೇರೆ ಕಡೆ ಹೋಗುವುದೇ ಇಲ್ಲ. ಯಾರೋ ಒಬ್ಬ ಹುಡುಗ ಅಷ್ಟು ವರ್ಷದ ಹಿಂದೆ ಕೂತು ಯೋಚಿಸಿ ಇನ್ನೊಂದನ್ನು ಒತ್ತಿ, ಆ ದಾರಿಯಲ್ಲೇ ಮುಂದೆ ನಡೆದಿದ್ದ. 2022ರಲ್ಲಿ ಇದೇ ಆಟದ ಹೊಸ ರೂಪ ‘ರೀಬಾರ್ನ್’ ಬಂತಲ್ಲ, ಹಳೇದು ಯಾಕೆ ಅನ್ನುವವರಿಗೆ ನನ್ನ ಉತ್ತರ ಇದೇ: ಆ ಹುಡುಗನ ದಂಡು ಈ ಒಂದು ಮೆಮೊರಿ ಚಿಪ್‌ನಲ್ಲಿ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲ.

ಬಿಚ್ಚಿ ಮೀಟರ್ ಇಟ್ಟೆ. 3 ವೋಲ್ಟ್ ಇರಬೇಕಾದ ಸೆಲ್ 2.5ರ ಆಸುಪಾಸು. ಇನ್ನು ತಡಮಾಡುವ ಹಾಗಿರಲಿಲ್ಲ.

ಅದಕ್ಕೂ ಮೊದಲು ಒಂದು ನಷ್ಟ ಆಗಿತ್ತು. ಕನ್ಸೋಲ್ ಜೊತೆ ಬಂದ ಅಡಾಪ್ಟರ್ 100 ವೋಲ್ಟ್‌ನದು. ಅವಸರದಲ್ಲಿ ನಮ್ಮ 230ಕ್ಕೆ ಚುಚ್ಚಿದೆ. ಸಣ್ಣ ಗುಂಯ್ ಸದ್ದು, ಸುಟ್ಟ ವಾಸನೆ, ಮುಗಿಯಿತು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ 10 ವೋಲ್ಟ್, 850 ಮಿಲಿಆಂಪ್‌ಗೆ ಹೊಂದುವ ಬೇರೆ ಅಡಾಪ್ಟರ್ ತಂದು, ಪಿನ್‌ನ ನಡುವೆ ಮೈನಸ್ ಬರುವಂತೆ ವೈರ್ ತಿರುಗಿಸಿ ಬೆಸೆದೆ. ನಾನೂರು ರೂಪಾಯಿ ಹೋಯಿತು. ಕನ್ಸೋಲ್ ಉಳಿದದ್ದೇ ಪುಣ್ಯ.

ಓಗರ್ ಕಾರ್ಟ್ರಿಜ್‌ಗೆ ನೇರ ಕೈ ಹಾಕುವ ಧೈರ್ಯ ಇರಲಿಲ್ಲ. ಸೇವ್ ಇರುವ ಮೂರು ಅಗ್ಗದ ಕಾರ್ಟ್ರಿಜ್ ತರಿಸಿದೆ, ಎರಡು ಬೇಸ್‌ಬಾಲ್, ಒಂದು ಕುದುರೆ ರೇಸ್.

ಮೊದಲನೆಯದರಲ್ಲಿ ಎಲ್ಲರೂ ಹೇಳುವ ಉಪಾಯ ಮಾಡಿದೆ. ಕವಚ ಬಿಚ್ಚಿ, ಬರೀ ಬೋರ್ಡನ್ನು ಕನ್ಸೋಲ್‌ಗೆ ಸಿಕ್ಕಿಸಿ, ಆನ್ ಮಾಡಿಟ್ಟು, ಕನ್ಸೋಲ್‌ನ ಕರೆಂಟಿನಲ್ಲೇ ಮೆಮೊರಿ ಉಳಿಸಿಕೊಂಡು ಸೆಲ್ ಕೀಳುವುದು. ಬೆಸುಗೆಯ ಐರನ್ ಮುಟ್ಟಿಸಿದ ಕ್ಷಣ ಪರದೆ ಹಾಗೇ ನಿಂತುಹೋಯಿತು. ಸೇವ್ ಮಾಯ. ಯಾಕೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಲೈನ್ ಟೆಸ್ಟರನ್ನು ಐರನ್‌ನ ತುದಿಗೆ ಮುಟ್ಟಿಸಿ ನೋಡಿದರೆ ಒಳಗಿನ ಪುಟ್ಟ ದೀಪ ಮಿಣುಕ್ ಅಂತು! ಎರಡು ಪಿನ್ನಿನ ಐರನ್, ಅರ್ಥಿಂಗ್ ಇಲ್ಲ, ತುದಿಗೆ ಕರೆಂಟ್ ಸೋರುತ್ತಿತ್ತು. ನಮ್ಮ ಮನೆಗಳಲ್ಲಿ ಈ ಕೆಲಸ ಕೆಡುವುದು ಬಹುಪಾಲು ಇಲ್ಲೇ ಎಂದು ನನ್ನ ನಂಬಿಕೆ.

ಎರಡನೆಯದಕ್ಕೆ ಕನ್ಸೋಲ್ ಬಿಟ್ಟೆ. ಹಳೇ ಸೆಲ್‌ಗೆ ಸಮಾನಾಂತರವಾಗಿ ಹೊರಗಿನಿಂದ ಒಂದು ಹೊಸ ಸಿಆರ್2032 ನಾಣ್ಯದಂಥ ಸೆಲ್, ಎರಡು ತೆಳು ವೈರ್. ಹೊಸ ಸೆಲ್ ಹಳೇದಕ್ಕೆ ಚಾರ್ಜ್ ನುಗ್ಗಿಸಬಾರದು ಅಂತ ಪ್ಲಸ್ ವೈರಿನಲ್ಲಿ ಕರೆಂಟನ್ನು ಒಂದೇ ಕಡೆಗೆ ಬಿಡುವ ಒಂದು 1ಎನ್4148 ಡಯೋಡ್. ಹಳೇ ಸೆಲ್ ಬಂತು, ಹೊಸದು ಕೂತಿತು, ಬೀಗುತ್ತಾ ಕನ್ಸೋಲ್‌ಗೆ ಹಾಕಿದರೆ ಸೇವ್ ಇಲ್ಲ. ಹೊರಗಿನ ಸೆಲ್ ಇಟ್ಟ ಹತ್ತು ರೂಪಾಯಿಯ ಹೋಲ್ಡರ್‌ನ ಸ್ಪ್ರಿಂಗ್ ಸಡಿಲವಿತ್ತು. ಬೋರ್ಡ್ ತಿರುಗಿಸಿದಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ಸಂಪರ್ಕ ತಪ್ಪಿದೆ, ಅಷ್ಟೇ ಸಾಕಾಯಿತು.

ಮೂರನೆಯದರಲ್ಲಿ ಹೋಲ್ಡರ್ ಕಿತ್ತೆಸೆದು, ಹೊರಗಿನದಕ್ಕೂ ಟ್ಯಾಬ್ (ಬೆಸೆಯಲು ಅಂಟಿಸಿರುವ ಲೋಹದ ಪಟ್ಟಿ) ಇರುವ ಸೆಲ್ಲನ್ನೇ ತಂದು ವೈರ್ ಬೆಸೆದೆ. ಐರನ್ ಕಾಯಿಸುವುದು, ಪ್ಲಗ್ ಕಿತ್ತುಬಿಡುವುದು, ಆಮೇಲಷ್ಟೇ ಬೋರ್ಡಿಗೆ ಮುಟ್ಟಿಸುವುದು. ಉಳಿದ ಶಾಖದಲ್ಲೇ ಕೆಲಸ, ಸೋರುವ ಮಾತೇ ಇಲ್ಲ. ಮೈನಸ್ ಟ್ಯಾಬ್ ಮಾತ್ರ ಸತಾಯಿಸಿತು. ಅದು ಬೋರ್ಡಿನ ಅಗಲ ತಾಮ್ರಕ್ಕೆ ಅಂಟಿಕೊಂಡಿರುವುದರಿಂದ ಶಾಖವನ್ನೆಲ್ಲ ಹೀರುತ್ತದೆ, 25 ವ್ಯಾಟ್‌ನ ಐರನ್ ಹತ್ತು ಸೆಕೆಂಡಿಗೇ ತಣ್ಣಗೆ. ದಪ್ಪ ತುದಿಯ 60 ವ್ಯಾಟ್‌ನದು ತಂದೆ, ಇನ್ನೂ ಮುನ್ನೂರು ಚಿಲ್ಲರೆ. ಅದರಲ್ಲೂ ಮೂರು ಸಲ ಕಾಯಿಸಬೇಕಾಯಿತು. ಕುದುರೆ ರೇಸಿನ ಸೇವ್ ಉಳಿಯಿತು!

ಆಮೇಲೆ ಓಗರ್. ಒಂದು ಭಾನುವಾರ ಬೆಳಿಗ್ಗೆ, ಫ್ಯಾನ್ ಆಫ್ ಮಾಡಿ, ಫೋನ್ ಪಕ್ಕದ ಕೋಣೆಯಲ್ಲಿಟ್ಟು ಕೂತೆ. ಹೊರಗಿನ ವೈರನ್ನು ಸೆಲ್‌ನ ಕಾಲಿಗೇ ಬೆಸೆದರೆ, ಆ ಕಾಲು ಕಾಯಿಸಿದಾಗ ವೈರೂ ಕಳಚಿ ಬರುತ್ತದೆ. ಅದಕ್ಕೇ ಬೋರ್ಡಿನ ಅದೇ ತಾಮ್ರದ ಗೆರೆಯ ಮೇಲೆ ದೂರದ ಬೇರೆ ಬಿಂದು ಹಿಡಿಯಬೇಕು. ಓಗರ್ ಬೋರ್ಡಿನಲ್ಲಿ ನಾನು ಹಿಡಿದ ಬಿಂದು ಯಾವುದು, ವೈರ್ ಅಲುಗದಂತೆ ಏನು ಹಚ್ಚಿದೆ, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಮೂರು ಕಾರ್ಟ್ರಿಜ್‌ನ ದುಡ್ಡು ಕೊಟ್ಟು ಕಲಿತದ್ದು ಅದು. ಮೀಟರ್ ಹಿಡಿದು ಹುಡುಕಿದರೆ ನಿಮಗೂ ಸಿಗುತ್ತದೆ.

ಹಳೇ ಸೆಲ್ ಅಂಗೈ ಮೇಲೆ ಬಂದಾಗ ಅದರ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿತ್ತು. ಹೊಸದು ಕೂರಿಸಿ, ಮೀಟರ್ 3.2 ತೋರಿಸಿದ ಮೇಲೆ ಹೊರಗಿನ ವೈರ್ ಬಿಡಿಸಿದೆ. ಒಟ್ಟು ನಲವತ್ತು ನಿಮಿಷ ಹಿಡಿದಿರಬೇಕು. ಕನ್ಸೋಲ್‌ಗೆ ಹಾಕಿ ಲೋಡ್ ಒತ್ತಿದೆ. ಹುಡುಗನ ಹೆಸರು, ಅವನ ದಂಡು, ಎಲ್ಲ ಇದ್ದಲ್ಲೇ ಇತ್ತು. ಒಂದು ವಾರ ಪೆಟ್ಟಿಗೆಯಲ್ಲಿಟ್ಟು ಮತ್ತೆ ನೋಡಿದೆ, ಆಗಲೂ ಇತ್ತು. ರೇಡಿಯೊ ಅಂಗಡಿಯವರಿಗೆ ಟಿವಿ ಮುಂದೆ ಕೂರಿಸಿಯೇ ತೋರಿಸಿದೆ. ಬಹಳ ಹೊತ್ತು ನೋಡಿ, ‘ಪ್ಲಗ್ ಕಿತ್ತು ಮಾಡ್ದೆ ನೋಡು, ಅದು ಸರಿ’ ಅಂದರು. ಅವರ ಬಾಯಲ್ಲಿ ಅಷ್ಟು ಬಂದರೆ ನನಗೆ ಪದಕ ಸಿಕ್ಕ ಹಾಗೆ.

ಆ ದಂಡಿನ ಬಗ್ಗೆ ಒಂದು ಮಾತು. ಕಣಕ್ಕಿಳಿಯುವ ಹತ್ತು ಜನರಲ್ಲಿ ಏಳು ಬಿಲ್ಲುಗಾರರು! ಹಳೇ ಓಗರ್‌ನಲ್ಲಿ ಬಿಲ್ಲಿಗೆ ಎದುರೇ ಇಲ್ಲ ಅನ್ನುವುದು ಆ ಹುಡುಗನಿಗೆ ಆಗಲೇ ಗೊತ್ತಿತ್ತು. ಅವನ ಸೇವನ್ನು ಬೇರೆ ಸ್ಲಾಟ್‌ಗೆ (ಸೇವ್ ಇಡುವ ಖಾನೆಗೆ) ನಕಲು ಇಳಿಸಿಕೊಂಡು ಒಂದು ಪ್ರಯೋಗ ಮಾಡಿದೆ. ಟ್ರೈನಿಂಗ್‌ನಲ್ಲಿ ದಂಡನ್ನು ಎರಡು ಪಾಲು ಮಾಡಿ, ಒಬ್ಬರಿಗೊಬ್ಬರು ಕಲ್ಲೆಸೆದು ಅನುಭವ ಗಳಿಸುವ ಕಸರತ್ತಂತೂ ಆಡಿದವರಿಗೆಲ್ಲ ಗೊತ್ತು. ನಾನು ಅದರ ಜೊತೆಗೆ ಬಿಲ್ಲುಗಾರರ ಭಾರದ ಕವಚ ಕಳಚಿಸಿ, ಬಿಲ್ಲೊಂದು ಬಿಟ್ಟು ಉಳಿದದ್ದೆಲ್ಲ ಹಗುರ ಮಾಡಿದೆ. ಸರದಿಗೆ ಕಾಯುವ ಲೆಕ್ಕವಾದ ಡಬ್ಲ್ಯೂಟಿ ಇಳಿದು ಸರದಿ ಬೇಗ ಬೇಗ ಬರತೊಡಗಿತು, ಎದುರಾಳಿ ಹತ್ತಿರ ಬರುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತಿತ್ತು. ಎತ್ತರದ ಜಾಗ ಸಿಕ್ಕದ ಕಡೆ ಮಾತ್ರ ಇಬ್ಬರನ್ನು ಕಳೆದುಕೊಂಡು ರಿಸೆಟ್ ಒತ್ತಬೇಕಾಯಿತು.

ಹುಡುಗನ ಮೂಲ ಸ್ಲಾಟ್ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಪಕ್ಕದ ಇನ್ನೊಂದು ಸ್ಲಾಟ್‌ನಲ್ಲಿ ನನ್ನ ಆಟ ಶುರು ಮಾಡಿದ್ದೇನೆ, ಬಲ್ಮಮೂಸಾದಲ್ಲಿ ಎಂದಿನಂತೆ ‘ಆಗಲ್ಲ’ ಒತ್ತಿ. ಒಂದೇ ಸೆಲ್ ಈಗ ಇಬ್ಬರನ್ನೂ ಹಿಡಿದಿಟ್ಟಿದೆ.

ಒಟ್ಟು ಖರ್ಚು, ಪ್ರಯೋಗದ ಮೂರು ಕಾರ್ಟ್ರಿಜ್ ಸೇರಿ, ಐದೂವರೆ ಸಾವಿರದ ಹತ್ತಿರ. ರೀಡರ್‌ಗಿಂತ ಕಮ್ಮಿಯೇ, ಮೇಲಾಗಿ ಒಂದು ಒಳ್ಳೆ ಐರನ್ ಮನೆಗೆ ಬಂತು. ‘ರೀಡರ್ ತಗೋ’ ಅಂದಿದ್ದ ಗೆಳೆಯನೇ ಮೊನ್ನೆ ತನ್ನ ಕಾರ್ಟ್ರಿಜ್ ಹಿಡಿದು ಬಂದ. ಬಿಚ್ಚಿ ಮೀಟರ್ ಇಟ್ಟರೆ 2.3. ಈ ಭಾನುವಾರ ಅದಕ್ಕೆ ಕೈ ಹಾಕುತ್ತಿದ್ದೇನೆ.