ಕೆಎಂಸಿ ಅಂದರೆ ಯಾವ ಕೆಎಂಸಿ? ಗುರುತು ಹಿಡಿಯುವ ಕ್ರಮ

ವಾಟ್ಸಾಪಿನಲ್ಲಿ "ಕೆಎಂಸಿಯಲ್ಲಿ ಅರ್ಜೆಂಟ್ ಬಿ ನೆಗೆಟಿವ್ ರಕ್ತ ಬೇಕು" ಅಂತ ಬಂದರೆ ಗಾಡಿ ಹತ್ತುವ ಮೊದಲು ಒಂದು ಮಾತು ಕೇಳಿ: ಯಾವ ಕೆಎಂಸಿ? ಮಣಿಪಾಲದವರಿಗೆ ಅಲ್ಲಿನದ್ದೇ ಕೆಎಂಸಿ, ಅಂದರೆ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಮಂಗಳೂರಿನವರಿಗೆ ಜ್ಯೋತಿ ಹತ್ತಿರ, ಅಂಬೇಡ್ಕರ್ ವೃತ್ತದಲ್ಲಿ ಒಂದು, ಅತ್ತಾವರದಲ್ಲಿ ಇನ್ನೊಂದು. ಎರಡೂರಿನ ನಡುವೆ 60 ಕಿಲೋಮೀಟರಿಗೂ ಜಾಸ್ತಿ ದಾರಿ ಇದೆ. ರಕ್ತ ಕೊಡಲು ಹೊರಟವರು ತಪ್ಪು ಊರಿಗೆ ಹೋಗಿ ನಿಂತರೆ ಕಳೆದುಹೋಗುವುದು ರೋಗಿಯ ಸಮಯ.

ಗುರುತು ಹಿಡಿಯಲು ಮೊದಲು ಪಕ್ಕದ ಪದ ನೋಡಿ. ಕೆಎಂಸಿಯ ಹಾಗೆಯೇ ಗೊಂದಲ ಮಾಡುವ ಎಂಸಿಸಿ ಅನ್ನುವ ಹೆಸರು ಮಂಗಳೂರಿನಲ್ಲಿ ಸಿಕ್ಕಿತು ಅಂದುಕೊಳ್ಳಿ. ಜೊತೆಗೆ ಮನೆ ತೆರಿಗೆ, ಖಾತಾ, ಟ್ರೇಡ್ ಲೈಸೆನ್ಸ್ ಇದ್ದರೆ ಅದು ಮಹಾನಗರ ಪಾಲಿಕೆ. ಠೇವಣಿ, ಚಿನ್ನದ ಸಾಲ ಅಂತಿದ್ದರೆ 1912ರಲ್ಲಿ ಶುರುವಾದ ಮಂಗಳೂರು ಕ್ಯಾಥೊಲಿಕ್ ಕೋ-ಆಪರೇಟಿವ್ ಬ್ಯಾಂಕ್. ಚುನಾವಣೆ ಹೊತ್ತಿನಲ್ಲಿ ಪೇಪರಿನಲ್ಲಿ ಬಂದರೆ ಮಾದರಿ ನೀತಿ ಸಂಹಿತೆ (ಮಾಡೆಲ್ ಕೋಡ್ ಆಫ್ ಕಂಡಕ್ಟ್), ಕ್ರಿಕೆಟ್ ಸುದ್ದಿಯಲ್ಲಾದರೆ ಲಂಡನ್ನಿನ ಮೆರಿಲ್ಬೋನ್ ಕ್ರಿಕೆಟ್ ಕ್ಲಬ್.

ಮನೆಯಲ್ಲಿ ನೀಟ್ ಬರೆದ ಮಕ್ಕಳಿದ್ದರೆ ಇನ್ನೂ ಹುಷಾರಾಗಿರಿ, ಯಾಕೆಂದರೆ ಅಲ್ಲಿ ಎಂಸಿಸಿ ಅಂದರೆ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ, ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟಿನ ಕೌನ್ಸೆಲಿಂಗ್ ನಡೆಸುವುದು ಅದೇ. ರಾಜ್ಯದ ಕೋಟಾ ನೋಡುವುದು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಎರಡಕ್ಕೂ ಬೇರೆ ಬೇರೆ ನೋಂದಣಿ, ಬೇರೆ ಬೇರೆ ಕೊನೆಯ ದಿನ. ನಮ್ಮ ಕಸ್ತೂರ್ಬಾ ಮೆಡಿಕಲ್ ಕಾಲೇಜು ಮಣಿಪಾಲದಲ್ಲಿ 1953ರಲ್ಲಿ, ಮಂಗಳೂರಿನಲ್ಲಿ 1955ರಲ್ಲಿ ಶುರುವಾದದ್ದು, ಎರಡೂ ಈಗ ಮಾಹೆ (ಮಣಿಪಾಲ್ ಅಕಾಡೆಮಿ ಆಫ್ ಹೈಯರ್ ಎಜುಕೇಶನ್) ಡೀಮ್ಡ್ ವಿಶ್ವವಿದ್ಯಾಲಯದವು. ಆದರೆ ಚೆನ್ನೈಯ ಕಿಲ್ಪಾಕ್, ಆಂಧ್ರದ ಕರ್ನೂಲು, ವಾರಂಗಲ್ಲಿನ ಕಾಕತೀಯ, ಇವೂ ಕೆಎಂಸಿಗಳೇ, ಮತ್ತು ಈ ಮೂರೂ ಸರ್ಕಾರಿ ಕಾಲೇಜುಗಳು. ಫೀಸಿನಲ್ಲಿ ಅಜಗಜಾಂತರ. ಹಾಗಾಗಿ "ಕೆಎಂಸಿಗೆ ಇಷ್ಟು ರ‍್ಯಾಂಕ್ ಸಾಕು" ಅಂತ ಯಾರಾದರೂ ಹೇಳಿದರೆ ಸುಮ್ನೆ ನಂಬಬೇಡಿ. ಕಾಲೇಜಿನ ಪೂರ್ತಿ ಹೆಸರು, ಊರು, ಯಾವ ಕೋಟಾ, ಮೂರನ್ನೂ ಕೇಳಿಕೊಂಡು ಮಕ್ಕಳಿಗೆ ಹೇಳಿ. ಚಾಯ್ಸ್ ತುಂಬಿಸುವಾಗಲೂ ಅಷ್ಟೇ, ಹೆಸರಿನ ಮುಂದೆ ರಾಜ್ಯ ಯಾವುದು ಅಂತ ಓದದೆ ಮುಂದೆ ಹೋಗಬೇಡಿ.

ರೈಲಿನ ಕೋಡಿನಲ್ಲಿ ಇಷ್ಟು ಕಷ್ಟ ಇಲ್ಲ. ಎಂಎಕ್ಯೂ ಅಂದರೆ ಮಂಗಳೂರು ಸೆಂಟ್ರಲ್, ಎಂಎಜೆಎನ್ ಅಂದರೆ ಪಡೀಲಿನ ಹತ್ತಿರದ ಜಂಕ್ಷನ್. ಹಳಬರು ಜಂಕ್ಷನನ್ನು ಈಗಲೂ ಕಂಕನಾಡಿ ಸ್ಟೇಷನ್ ಅನ್ನುತ್ತಾರೆ, ಆದರೆ ಕಂಕನಾಡಿ ಪೇಟೆ ಇರುವುದೇ ಬೇರೆ ಕಡೆ. ಆಟೋದವರಿಗೆ ಜಂಕ್ಷನ್ ಅಂತಲೇ ಹೇಳಿ.

ಇನ್ನು ನಾವೇ ಬರೆಯುವಾಗ. ಮೆಸೇಜ್ ಒಮ್ಮೆ ಫಾರ್ವರ್ಡ್ ಆದರೆ ಅದು ಕಾಸರಗೋಡಿಗೂ ಹೋಗುತ್ತದೆ, ಕುಂದಾಪುರಕ್ಕೂ ಹೋಗುತ್ತದೆ, ನಮ್ಮ ಗ್ರೂಪಿನಲ್ಲಿ ಎಲ್ಲರಿಗೂ ಗೊತ್ತಿರುವುದು ಅಲ್ಲಿ ಗೊತ್ತಿರುವುದಿಲ್ಲ ಅಲ್ವಾ? "ಇವತ್ತು" ಅಂತ ಬರೆದ ಮೆಸೇಜ್ ತಿಂಗಳುಗಟ್ಟಲೆ ಸುತ್ತುತ್ತದೆ, ಅದಕ್ಕೆ ತಾರೀಕು ಹಾಕಿ. ರೋಗಿ ಇರುವ ಆಸ್ಪತ್ರೆಯ ಜೊತೆಗೆ ರಕ್ತ ಎಲ್ಲಿ ಕೊಡಬೇಕು ಅಂತಲೂ ಆಸ್ಪತ್ರೆಯವರಿಂದ ಕೇಳಿ ಬರೆಯಿರಿ. ಮನೆಯವರ ಒಪ್ಪಿಗೆ ಇದ್ದರೆ ಮಾತ್ರ ಫೋನ್ ನಂಬರ್ ಸೇರಿಸಿ. ಮೆಸೇಜ್ ಹೀಗಿದ್ದರೆ ಯಾರಿಗೂ ಗೊಂದಲ ಆಗುವುದಿಲ್ಲ: "ಬಿ ನೆಗೆಟಿವ್, 2 ಯೂನಿಟ್. ಕೆಎಂಸಿ ಆಸ್ಪತ್ರೆ, ಅತ್ತಾವರ, ಮಂಗಳೂರು." ಇದರ ಕೆಳಗೆ ತಾರೀಕು, ಎಷ್ಟು ಗಂಟೆಯೊಳಗೆ ಬೇಕು, ರಕ್ತ ಕೊಡುವ ಜಾಗ. ರಕ್ತ ಸಿಕ್ಕಿದ ಕೂಡಲೇ ಅದೇ ಗ್ರೂಪಿನಲ್ಲಿ "ಸಿಕ್ಕಿತು, ಇನ್ನು ಕಳಿಸಬೇಡಿ" ಅಂತ ಹಾಕಿಬಿಡಿ.