ಸಾಮಾಜಿಕ ನ್ಯಾಯ ಸಮಿತಿಯನ್ನು ಕಟ್ಟಿ ನಡೆಸಿದ ಬಗೆ: ನನ್ನ ಅನುಭವ

1993ರ ಪಂಚಾಯತ್ ರಾಜ್ ಅಧಿನಿಯಮದ 61ನೇ ಪ್ರಕರಣದ (ಸೆಕ್ಷನ್) ಪ್ರಕಾರ ಕರ್ನಾಟಕದ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿಯೂ ಸಾಮಾಜಿಕ ನ್ಯಾಯ ಸಮಿತಿ ಇರಬೇಕು. ಪರಿಶಿಷ್ಟರ ಮತ್ತು ಹಿಂದುಳಿದವರ ಹಿತ ಕಾಯುವುದು, ಅವರನ್ನು ಸಾಮಾಜಿಕ ಅನ್ಯಾಯದಿಂದಲೂ ಶೋಷಣೆಯಿಂದಲೂ ರಕ್ಷಿಸುವುದು, ಮಹಿಳೆಯರ ಮತ್ತು ಮಕ್ಕಳ ಕಲ್ಯಾಣ ನೋಡಿಕೊಳ್ಳುವುದು ಅದರ ಹೊಣೆ. ನಾನು ಮಧ್ಯ ಕರ್ನಾಟಕದ ಒಣಬೇಸಾಯದ ಸೀಮೆಯ ಪಂಚಾಯಿತಿಯೊಂದಕ್ಕೆ ಅಭಿವೃದ್ಧಿ ಅಧಿಕಾರಿಯಾಗಿ ಬಂದಾಗ ಈ ಸಮಿತಿ ನಡಾವಳಿ ಪುಸ್ತಕದಲ್ಲಿ ಮಾತ್ರ ಇತ್ತು. ಸದಸ್ಯರ ಹೆಸರಿತ್ತು, ಸಹಿಯಿತ್ತು, ಆದರೆ ಅದರ ಮುಂದೆ ಬಂದ ಒಂದೇ ಒಂದು ದೂರಿನ ದಾಖಲೆ ಇರಲಿಲ್ಲ. ದೂರು ಇಲ್ಲದಿರುವುದನ್ನೇ ಊರಿನ ಸೌಹಾರ್ದಕ್ಕೆ ಸಾಕ್ಷಿಯೆಂದು ಹೇಳುವವರು ಅನೇಕರಿದ್ದರು. ದಲಿತ ಕೇರಿಯ ಜನ ಹೋಟೆಲಿನ ಹೊರಗೆ ನಿಂತು ಚಹಾ ಕುಡಿಯುವುದನ್ನು ದಿನವೂ ಕಾಣುತ್ತಿದ್ದ ನನಗೆ ಆ ಮಾತನ್ನು ಒಪ್ಪಲು ಸಾಧ್ಯವಾಗಲಿಲ್ಲ.

ಪಂಚಾಯಿತಿಯ ಉಪಾಧ್ಯಕ್ಷರೇ ಈ ಸಮಿತಿಯ ಅಧ್ಯಕ್ಷರು. ಸದಸ್ಯರಲ್ಲಿ ಒಬ್ಬ ಮಹಿಳೆಯೂ ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರೂ ಇರಲೇಬೇಕು. ನಮ್ಮ ಉಪಾಧ್ಯಕ್ಷೆ ಊರಿನ ದೊಡ್ಡ ಜಾತಿಯ ಕುಟುಂಬದಿಂದ ಬಂದವರಾದರೂ ಕೇರಿಯ ಅಂಗನವಾಡಿಗೆ ಹೋಗಿಬಂದು ಅಲ್ಲಿಯ ಸ್ಥಿತಿಯನ್ನು ಬಲ್ಲವರಾಗಿದ್ದರು. ಮಹಿಳಾ ಮಂಡಳಿ, ಯುವಕ ಸಂಘಗಳಂಥ ಸಂಸ್ಥೆಗಳಿಂದ ಹೊರಗಿನವರನ್ನು ಸೇರಿಸಿಕೊಳ್ಳಲು ಅದೇ ಪ್ರಕರಣದಲ್ಲಿ ಅವಕಾಶವಿದೆ. ಅದರ ಆಧಾರದ ಮೇಲೆ ಕೇರಿಯ ಸ್ತ್ರೀಶಕ್ತಿ ಸಂಘದ ಪ್ರತಿನಿಧಿಯೊಬ್ಬರನ್ನೂ ಮುಸ್ಲಿಂ ಓಣಿಯ ಯುವಕರೊಬ್ಬರನ್ನೂ ಠರಾವಿನ ಮೂಲಕ ಸೇರಿಸಿಕೊಂಡೆವು. ಈ ಇಬ್ಬರು ಬಂದ ಮೇಲೆಯೇ ಸಮಿತಿಯ ಮುಂದೆ ನಿಜವಾದ ಮಾತುಗಳು ಬರತೊಡಗಿದವು.

ದೂರು ಬರೆದುಕೊಳ್ಳುವ ಕ್ರಮವನ್ನು ನಾವು ಬಹಳ ಯೋಚಿಸಿ ರೂಪಿಸಿದೆವು. ಅರ್ಜಿ ಬರೆದು ತನ್ನಿ ಎಂದರೆ ಕೇರಿಯಿಂದ ಯಾರೂ ಬರುವುದಿಲ್ಲ. ಆದ್ದರಿಂದ ಬಾಯಿಮಾತಿನಲ್ಲಿ ಹೇಳಿದ್ದನ್ನು ಪಂಚಾಯಿತಿಯ ಗುಮಾಸ್ತರು ಹೇಳಿದವರ ಮಾತಿನಲ್ಲಿಯೇ ಬರೆದು, ಓದಿ ಹೇಳಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆದು, ಮೊಹರು ಹಾಕಿದ ಪ್ರತಿಯೊಂದನ್ನು ಅವರ ಕೈಗೆ ಕೊಡಬೇಕೆಂದು ತೀರ್ಮಾನಿಸಿದೆವು. ಆ ಮೊಹರಿನ ಪ್ರತಿ ಜನರಿಗೆ ಕೊಟ್ಟ ಧೈರ್ಯ ಯಾವ ಜಾಗೃತಿ ಭಾಷಣದಿಂದಲೂ ಬರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಂಚಾಯಿತಿಗೆ ಬರಲು ಅಂಜುವ ಹೆಂಗಸರ ದೂರುಗಳು ಆಶಾ ಕಾರ್ಯಕರ್ತೆಯ ಮೂಲಕ ಬಂದವು.

ಮೊದಲು ಬಂದವು ನೀರಿನ ದೂರುಗಳು. ಓವರ್‌ಹೆಡ್ ಟ್ಯಾಂಕಿನಿಂದ ಕೇರಿಗೆ ಹೋಗುವ ಕೊಳವೆ ಕೊನೆಯದು, ನೀರಗಂಟಿ ಅದರ ವಾಲ್ವ್ ತಿರುಗಿಸುವ ಹೊತ್ತಿಗೆ ಟ್ಯಾಂಕ್ ಬರಿದಾಗಿರುತ್ತಿತ್ತು. ಇದನ್ನು ಯಾರೂ ಅಸ್ಪೃಶ್ಯತೆ ಎಂದು ಕರೆಯುತ್ತಿರಲಿಲ್ಲ. ಆದರೆ ಬೇಸಿಗೆಯುದ್ದಕ್ಕೂ ಅದೇ ಕೇರಿಯ ಹೆಂಗಸರು ಮಾತ್ರ ತೋಟದ ಬೋರ್‌ವೆಲ್‌ಗಳ ಮುಂದೆ ಕೊಡ ಹಿಡಿದು ನಿಲ್ಲಬೇಕಾಗುತ್ತದೆಂದ ಮೇಲೆ ಅದನ್ನು ತಾರತಮ್ಯವೆಂದು ಪರಿಗಣಿಸಲೇಬೇಕೆಂದು ಸಮಿತಿ ನಿರ್ಣಯಿಸಿತು. ವಾರದಲ್ಲಿ ಮೂರು ದಿನ ಕೇರಿಯ ವಾಲ್ವನ್ನೇ ಮೊದಲು ತೆರೆಯುವಂತೆ ವೇಳಾಪಟ್ಟಿ ಮಾಡಿ, ಅದನ್ನು ಪಂಚಾಯಿತಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದೆವು. ಗೋಡೆಯ ಮೇಲೆ ಬರೆದದ್ದನ್ನು ಮೀರುವಂತೆ ನೀರಗಂಟಿಯ ಮೇಲೆ ಒತ್ತಡ ಹಾಕುವುದು ಯಾರಿಗೂ ಸುಲಭವಾಗಲಿಲ್ಲ.

ಹೋಟೆಲಿನ ಲೋಟದ ವಿಷಯ ಇದಕ್ಕಿಂತ ಕಠಿಣವಾಗಿತ್ತು. ಕೇರಿಯವರಿಗೆಂದು ಮೀಸಲಾದ ಲೋಟಗಳನ್ನು ಸೂರಿನ ಸಂದಿಯಲ್ಲಿ ಸಿಕ್ಕಿಸಿಡುತ್ತಿದ್ದರು. ಕುಡಿದವರು ತಾವೇ ತೊಳೆದು ಅಲ್ಲಿಯೇ ಇಡಬೇಕಿತ್ತು. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮದ 4ನೇ ಪ್ರಕರಣದಡಿ ಇದು ಶಿಕ್ಷಾರ್ಹ ಅಪರಾಧವೆಂದು ನೋಟಿಸ್ ಕೊಟ್ಟಾಗ ಲೋಟಗಳು ಮಾಯವಾಗಿ, ಅವುಗಳ ಜಾಗದಲ್ಲಿ ಕಾಗದದ ಕಪ್ಪುಗಳು ಬಂದವು. ಊರಿನವರಿಗೆ ಗಾಜಿನ ಲೋಟ, ಕೇರಿಯವರಿಗೆ ಕಾಗದದ ಕಪ್ಪು. ಹಾಗಾಗಿ ಎರಡನೆಯ ನೋಟಿಸಿನಲ್ಲಿ ಎಲ್ಲರಿಗೂ ಒಂದೇ ಬಗೆಯ ಲೋಟ, ಎಲ್ಲರಿಗೂ ಒಳಗಿನ ಬೆಂಚು ಎಂದು ಸ್ಪಷ್ಟವಾಗಿ ಬರೆದೆವು. ಅಂದು ಉಪಾಧ್ಯಕ್ಷೆಯವರು ಸಮಿತಿಯ ಎಲ್ಲರೊಡನೆ ಹೋಗಿ ಆ ಬೆಂಚಿನ ಮೇಲೆ ಕುಳಿತು ಚಹಾ ಕುಡಿದರು. ಊರ ಹೋಟೆಲಿನಲ್ಲಿ ಹೆಂಗಸರು ಕೂರುವ ರೂಢಿಯೇ ಇಲ್ಲದ ಕಡೆ ಅವರು ಹಾಗೆ ಕುಳಿತದ್ದು ಎರಡು ಕಟ್ಟಳೆಗಳನ್ನು ಒಮ್ಮೆಗೇ ಮುರಿದಂತಾಯಿತು.

ಕ್ಷೌರದಂಗಡಿಯಲ್ಲಿ ನಾವು ಬೇರೆ ದಾರಿ ಹಿಡಿದೆವು. “ಸ್ವಾಮಿ, ಇವತ್ತು ಇವರಿಗೆ ಕತ್ತರಿ ಹಿಡಿದರೆ ನಾಳೆ ಊರಿನವರು ನನ್ನ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ. ಸುಗ್ಗಿಯಲ್ಲಿ ಅವರು ಅಳೆದುಕೊಡುವ ಆಯದ ರಾಗಿಯೇ ನನ್ನ ಮನೆಯ ಊಟ” ಎಂದು ಅಂಗಡಿಯವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸೇವೆ ನಿರಾಕರಿಸುವುದು ಅಪರಾಧವೇ ಸರಿ, ಆದರೆ ನಿರಾಕರಿಸುವಂತೆ ಮಾಡಿದವರನ್ನು ಬಿಟ್ಟು ಈ ಒಬ್ಬರ ಮೇಲೆ ಮಾತ್ರ ಕ್ರಮ ಜರುಗಿಸುವುದು ನ್ಯಾಯವಾಗಿ ತೋರಲಿಲ್ಲ. ಅವರನ್ನು ಬೆದರಿಸಿದರೆ ಅದೂ ದೂರು ಪುಸ್ತಕದಲ್ಲಿ ದಾಖಲಾಗುತ್ತದೆಂದು ಊರಿನ ಯಜಮಾನರಿಗೆ ಬರೆದು ತಿಳಿಸಿದೆವು. ಪಂಚಾಯಿತಿಯ ಮಳಿಗೆಯೊಂದನ್ನು, ಯಾರಿಗೂ ಜಾತಿಯ ಕಾರಣದಿಂದ ಸೇವೆ ನಿರಾಕರಿಸಬಾರದೆಂಬ ಷರತ್ತನ್ನು ಕರಾರಿನಲ್ಲಿಯೇ ಸೇರಿಸಿ, ಅವರಿಗೆ ಬಾಡಿಗೆಗೆ ಕೊಟ್ಟೆವು. ಊರಿನ ಕೆಲವರು ಕೆಲವು ಕಾಲ ಪಕ್ಕದ ಊರಿಗೆ ಹೋದರು, ಆಮೇಲೆ ಮರಳಿದರು.

ಇಂಥ ಸಣ್ಣ ನಿರಾಕರಣೆಗಳನ್ನು ಪಂಚಾಯಿತಿ ಏಕೆ ಮೈಮೇಲೆ ಎಳೆದುಕೊಳ್ಳಬೇಕೆಂದು ಕೇಳಿದವರಿಗೆ ನಾನು ಗಂಗಾವತಿ ತಾಲ್ಲೂಕಿನ ಮರಕುಂಬಿಯನ್ನು ನೆನಪಿಸುತ್ತೇನೆ. ಕ್ಷೌರದಂಗಡಿ ಮತ್ತು ಹೋಟೆಲುಗಳಿಗೆ ದಲಿತರ ಪ್ರವೇಶದ ತಕರಾರಿನ ಹಿನ್ನೆಲೆಯಿದ್ದ ಆ ಊರಿನಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ಹತ್ತು ವರ್ಷ ಎರಡೂ ಕಡೆಯ ಮನೆಗಳು ಹೇಗೆ ಬದುಕಿರಬೇಕೆಂಬುದನ್ನು ಯೋಚಿಸಬೇಕು.

ಸಮಿತಿಗೆ ನಿಜವಾದ ಪರೀಕ್ಷೆ ಬಂದದ್ದು ಜಾತ್ರೆಯಲ್ಲಿ. ತೇರಿನ ಹಗ್ಗ ಹಿಡಿದನೆಂಬ ಕಾರಣಕ್ಕೆ ಕೇರಿಯ ಹುಡುಗನೊಬ್ಬನನ್ನು ಹೊಡೆದರು. ಮರುದಿನ ಬೆಳಗ್ಗೆ ಹಿರಿಯರು ಪಂಚಾಯಿತಿಗೆ ಬಂದು, ಊರಿನ ಮಾತು ಊರಲ್ಲಿಯೇ ಮುಗಿಯಲಿ, ನಿಮ್ಮ ಸಮಿತಿ ಇರುವುದು ಇದಕ್ಕೇ ಅಲ್ಲವೇ ಎಂದರು. ಇಲ್ಲ ಎಂದು ಸ್ಪಷ್ಟವಾಗಿ ಹೇಳಿದೆವು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಅಧಿನಿಯಮದಡಿಯ ಅಪರಾಧವನ್ನು ರಾಜಿ ಮಾಡಿಸುವ ಅಧಿಕಾರ ಯಾವ ಸಮಿತಿಗೂ ಇಲ್ಲ. 2018ರ ತಿದ್ದುಪಡಿಯ ನಂತರ ಎಫ್‌ಐಆರ್ ದಾಖಲಿಸಲು ಪ್ರಾಥಮಿಕ ವಿಚಾರಣೆಯೂ ಬೇಕಿಲ್ಲ. ಹುಡುಗನ ತಾಯಿಯ ಜೊತೆ ಉಪಾಧ್ಯಕ್ಷೆಯವರೂ ಠಾಣೆಗೆ ಹೋದರು, ಪ್ರಕರಣ ದಾಖಲಾಯಿತು, ತನಿಖೆಗೆ ಡಿವೈಎಸ್‌ಪಿ ಬಂದರು. ಸೌಹಾರ್ದದ ಹೆಸರಿನಲ್ಲಿ ದೂರನ್ನು ಹಿಂತೆಗೆಸುವ ಸಮಿತಿ ಇರುವುದಕ್ಕಿಂತ ಸಮಿತಿಯೇ ಇಲ್ಲದಿರುವುದು ಮೇಲು ಎಂದು ನಾನು ನಂಬಿದ್ದೇನೆ.

ಪ್ರಕರಣದ ಗೋಜಿಗೆ ಹೋಗದೆ ಸಮಿತಿ ಮಾಡಬೇಕಾದ ಕೆಲಸ ಅಲ್ಲಿಂದ ಮುಂದೆ ಬಹಳವಿತ್ತು. ಕೇರಿಯವರನ್ನು ಕೂಲಿಗೆ ಕರೆಯುವುದು ನಿಂತಿತು. ದಿನಸಿ ಅಂಗಡಿಯಲ್ಲಿ ಉದ್ರಿ ನಿಂತಿತು. ಇದು ಸಾಮಾಜಿಕ ಬಹಿಷ್ಕಾರ, 2015ರ ತಿದ್ದುಪಡಿಯಿಂದ ಸ್ಪಷ್ಟವಾಗಿ ಅಪರಾಧಗಳ ಪಟ್ಟಿಗೆ ಸೇರಿರುವಂಥದ್ದು. ಕಾನೂನಿನ ಎಚ್ಚರಿಕೆ ಕೊಟ್ಟೆವು, ಆದರೆ ಎಚ್ಚರಿಕೆಯಿಂದ ಸಂಜೆಯ ಅಡುಗೆ ಆಗುವುದಿಲ್ಲ. ಕೇರಿಯ ಪ್ರತಿ ಮನೆಯಿಂದಲೂ ನರೇಗಾದ ನಮೂನೆ 6ರಲ್ಲಿ ಕೆಲಸದ ಬೇಡಿಕೆ ಪಡೆದು, ಕೆರೆಯ ಹೂಳೆತ್ತುವ ಕಾಮಗಾರಿಯನ್ನು ಕೂಡಲೇ ಆರಂಭಿಸಿದೆವು. ಹೊಲದ ಕೂಲಿ ಇಲ್ಲದೆಯೂ ಕೇರಿ ಬದುಕಬಲ್ಲದೆಂದು ಗೊತ್ತಾದ ಮೇಲೆ ಬಹಿಷ್ಕಾರ ಸಡಿಲವಾಯಿತು. ರಾಗಿ ಕೊಯ್ಲಿಗೆ ಆಳು ಬೇಕಾದಾಗ ಊರಿನವರೇ ಮಾತುಕತೆಗೆ ಬಂದರು. ಆ ಮಾತುಕತೆಯನ್ನು ಸಮಿತಿಯೇ ನಡೆಸಿ, ಕೂಲಿಯ ದರವನ್ನು ಎಲ್ಲರ ಎದುರಿಗೆ ಬರೆಸಿತು. ಮೊಕದ್ದಮೆ ನ್ಯಾಯಾಲಯದಲ್ಲಿ ತನ್ನ ಪಾಡಿಗೆ ನಡೆಯಿತು.

ಗಣೇಶನ ಮೆರವಣಿಗೆ ಮತ್ತು ಮೊಹರಂ ಒಟ್ಟಿಗೆ ಬಂದ ವರ್ಷ ಠಾಣೆಯಲ್ಲಿ ಶಾಂತಿ ಸಭೆ ಎಂದಿನಂತೆ ನಡೆಯಿತು. ವರ್ಷವಿಡೀ ಒಂದೇ ಮೇಜಿನ ಸುತ್ತ ಕುಳಿತು ಪರಿಚಯವಾಗಿದ್ದ ನಮ್ಮ ಸದಸ್ಯರು ಮೆರವಣಿಗೆಯ ದಾರಿಯನ್ನೂ ಹೊತ್ತನ್ನೂ ಅದಕ್ಕೆ ಮೊದಲೇ ತಮ್ಮತಮ್ಮಲ್ಲಿ ಮಾತಾಡಿ ಮುಗಿಸಿದ್ದರು.

ನಾನು ವರ್ಗವಾಗಿ ಬರುವಾಗ ದೂರು ಪುಸ್ತಕವನ್ನು ಪ್ರಭಾರ ಪಟ್ಟಿಯಲ್ಲಿ ನಮೂದಿಸಿ ಹೊಸ ಅಧಿಕಾರಿಗೆ ಒಪ್ಪಿಸಿದೆ. ದೇವಸ್ಥಾನದ ಪ್ರವೇಶ ಇನ್ನೂ ಇತ್ಯರ್ಥವಾಗಿರಲಿಲ್ಲ. ಕೇರಿಯ ಸ್ಮಶಾನದ ಒತ್ತುವರಿ ತೆರವಿಗೆ ಅಳತೆ ಮಾಡಿಸಬೇಕೆಂಬ ಅರ್ಜಿ ತಹಶೀಲ್ದಾರರ ಕಚೇರಿಯಲ್ಲಿತ್ತು, ಉಪಾಧ್ಯಕ್ಷೆಯವರು ಅದರ ಬೆನ್ನು ಬಿದ್ದಿದ್ದರು.